ಮರಿಮೀನುಗಳಿಗೆ ಮನೆಯಲ್ಲೇ ಆರ್ಟೀಮಿಯಾ

ಆರ್ಟೀಮಿಯಾ ಎಂದರೆ ಉಪ್ಪುನೀರಿನಲ್ಲಿ ಬದುಕುವ, ಸೀಗಡಿಯಂಥ ಪುಟ್ಟ ಜೀವಿ. ಮೊಟ್ಟೆಯೊಡೆದು ಬಂದ ಅದರ ಮರಿಗಳೇ ಮರಿಮೀನುಗಳಿಗೆ ಆಹಾರ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ. ಮುಚ್ಚಳಕ್ಕೆ ತೂತು ಕೊರೆದು ಏರ್ ಪಂಪಿನ ಪೈಪ್ ತೂರಿಸಿ, ಸುತ್ತ ಸಿಲಿಕೋನ್ ಹಚ್ಚಿ ಒಂದು ದಿನ ಒಣಗಿಸಿ, ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ. ಪಂಪ್ ನೀರಿನ ಮಟ್ಟಕ್ಕಿಂತ ಮೇಲಿರಲಿ, ಇಲ್ಲದಿದ್ದರೆ ಕರೆಂಟ್ ಹೋದಾಗ ಉಪ್ಪುನೀರು ಅದರೊಳಗೆ ನುಗ್ಗುತ್ತದೆ.

ಕ್ಲೋರಿನ್ ಇಲ್ಲದ ಒಂದು ಲೀಟರ್ ನೀರಿಗೆ 25 ಗ್ರಾಂ ಕಲ್ಲುಪ್ಪು, ಚಿಟಿಕೆ ಅಡುಗೆ ಸೋಡಾ, 1 ಗ್ರಾಂ ಆರ್ಟೀಮಿಯಾ ಮೊಟ್ಟೆ. ಗುಳ್ಳೆ ದಪ್ಪವಾಗಿ, ಜೋರಾಗಿ ಏಳಬೇಕು. ಪೈಪಿನ ತುದಿಗೆ ಸಿಕ್ಕಿಸುವ ಸಣ್ಣ ರಂಧ್ರಗಳ ಕಲ್ಲು, ಅಂದರೆ ಏರ್ ಸ್ಟೋನ್ ಬೇಡ. ಅದರ ಸಣ್ಣ ಗುಳ್ಳೆಗಳು ಮೊಟ್ಟೆಗಳನ್ನು ಮೇಲಕ್ಕೆ ಹೊತ್ತು ಬಾಟಲಿಯ ಗೋಡೆಗೆ ಅಂಟಿಸಿಬಿಡುತ್ತವೆ. ಶುರುವಿನ ಕೆಲವು ಗಂಟೆ ಬೆಳಕು ಬೇಕೇ ಬೇಕು. 27–28 ಡಿಗ್ರಿ ಶಾಖವಿದ್ದರೆ 24 ಗಂಟೆಯ ಹೊತ್ತಿಗೆ ಮರಿಯಾಗುತ್ತವೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ತಡವಾಗುತ್ತದೆ. ಪಕ್ಕದಲ್ಲಿ 40 ವಾಟಿನ, ಬಿಸಿಯಾಗುವ ಹಳೇ ಮಾದರಿಯ ಫಿಲಮೆಂಟ್ ಬಲ್ಬ್ ಉರಿಸಿ.

ನೀರು ಕಿತ್ತಳೆ ಬಣ್ಣಕ್ಕೆ ತಿರುಗಿದ ಮೇಲೆ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಖಾಲಿ ಚಿಪ್ಪು ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕಿಳಿಯುತ್ತದೆ. ಪಕ್ಕದಿಂದ ಟಾರ್ಚ್ ಹಿಡಿದರೆ ಮಿಸುಕಾಡುವ ಕಿತ್ತಳೆ ಮೋಡವೊಂದು ಬೆಳಕಿನತ್ತ ಸರಿದು ಕೂಡಿಕೊಳ್ಳುತ್ತದೆ, ಎಷ್ಟು ಸಲ ನೋಡಿದರೂ ಚೆಂದ. ಅದನ್ನಷ್ಟೇ ಸಣ್ಣ ಪೈಪಿನಿಂದ ಎಳೆದು, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ತಕ್ಷಣ ಕೊಡಿ. ಗಂಟೆ ಕಳೆದಂತೆ ಮರಿಯೊಳಗಿನ ಸತ್ವ ಕರಗುತ್ತದೆ. ಚಿಪ್ಪು ಮಾತ್ರ ಸೇರಬಾರದು. ಜೀರ್ಣವಾಗದೆ ಮರಿಮೀನಿನ ಕರುಳು ಕಟ್ಟಿಕೊಳ್ಳುತ್ತದೆ.

ಉಳಿದ ಮೊಟ್ಟೆಯನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ತೇವ ತಗುಲಿದರೆ ಮುಂದಿನ ಸಲ ಅರ್ಧವೂ ಒಡೆಯದೇ ಹೋಗಬಹುದು.