ಪುಣೆ ಅಂಚಿನ ಕಲ್ಲುಗಣಿ: ಝೋನಿಂಗ್ ಅಧಿಕಾರವನ್ನು ಯಾರ ಬಳಿ, ಹೇಗೆ ಕೇಳಬೇಕು

ವಾಘೋಲಿ, ಲೋಹಗಾವ್, ಮೋಶಿ ಕಡೆ ಮನೆ ಮಾಡಿದ ನಮ್ಮ ಕನ್ನಡದವರು ಕಲ್ಲುಗಣಿಯ ಬಗ್ಗೆ ದೂರು ಬರೆಯುವಾಗ ಬಹುತೇಕ ಒಂದೇ ಅರ್ಜಿಯನ್ನು ನಾಲ್ಕು ಕಚೇರಿಗೆ ಕಳಿಸುತ್ತಾರೆ: ಧೂಳು ಬರುತ್ತದೆ, ಬಂಡೆ ಸಿಡಿಸಲು ಬಾರು ಹಾರಿಸಿದಾಗ ಗೋಡೆ ಬಿರುಕು ಬಿಡುತ್ತದೆ, ಗಣಿ ಅಕ್ರಮ, ಬಂದ್ ಮಾಡಿಸಿ. ಪ್ರತಿ ಕಚೇರಿಯೂ ‘ಇದು ನಮ್ಮ ವ್ಯಾಪ್ತಿಯದಲ್ಲ’ ಎಂದು ಅದನ್ನು ಮುಂದಿನ ಟೇಬಲ್ಲಿಗೆ ದಾಟಿಸುತ್ತದೆ. ಹಾಗೆ ದಾಟಿಸಲು ಅರ್ಜಿಯೇ ದಾರಿ ಕೊಟ್ಟಿರುತ್ತದೆ. ಯಾವ ಕಚೇರಿಗೆ ಯಾವ ಅಧಿಕಾರ ಇದೆಯೋ ಅದನ್ನಷ್ಟೇ ಅಲ್ಲಿ ಕೇಳಿದರೆ ದಾಟಿಸಲು ಜಾಗವೇ ಉಳಿಯುವುದಿಲ್ಲ.

ಕಲ್ಲು, ಖಡಿ (ಜಲ್ಲಿ), ಮುರುಮ್ (ಗರಸು) ಇವೆಲ್ಲ 1957ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಉಪಖನಿಜಗಳು. ಅದರ 15ನೇ ಕಲಮು ಇವುಗಳ ನಿಯಮ ಮಾಡುವ ಅಧಿಕಾರವನ್ನು ರಾಜ್ಯಕ್ಕೆ ಕೊಡುತ್ತದೆ. ಮಹಾರಾಷ್ಟ್ರದಲ್ಲಿ ಆ ನಿಯಮಗಳು 2013ರವು. ಗುತ್ತಿಗೆ, ಅಲ್ಪಾವಧಿ ಪರವಾನಗಿ, ರಾಜಧನ ಎಲ್ಲವೂ ಜಿಲ್ಲಾಧಿಕಾರಿಯ ಗಣಿ ಶಾಖೆ ಮತ್ತು ತಹಶೀಲ್ದಾರರ ಕೈಯಲ್ಲಿವೆ. ಪಾಲಿಕೆಗೆ ಗುತ್ತಿಗೆ ಕೊಡುವ ಅಧಿಕಾರವೂ ಇಲ್ಲ, ರದ್ದು ಮಾಡುವ ಅಧಿಕಾರವೂ ಇಲ್ಲ.

ಇಷ್ಟು ಕೇಳಿ ಹೆಚ್ಚಿನವರು ಪಾಲಿಕೆಯ ಬಾಗಿಲಿನಿಂದಲೇ ವಾಪಸ್ ಬರುತ್ತಾರೆ. ಅಲ್ಲೇ ಎಡವುವುದು. ಮಹಾರಾಷ್ಟ್ರ ಪ್ರಾದೇಶಿಕ ಮತ್ತು ನಗರ ಯೋಜನಾ ಕಾಯ್ದೆ, ಅಂದರೆ 1966ರ ಎಂಆರ್‌ಟಿಪಿ ಕಾಯ್ದೆಯ 2(7)ನೇ ಕಲಮು ‘ಅಭಿವೃದ್ಧಿ’ ಎಂಬ ಪದವನ್ನು ವಿವರಿಸುವಾಗ ಕಟ್ಟಡ ಕೆಲಸದ ಜೊತೆಗೆ ಗಣಿಗಾರಿಕೆಯನ್ನೂ ಹೆಸರಿಟ್ಟೇ ಹೇಳುತ್ತದೆ. ನೆಲದ ಮೇಲೆ, ಒಳಗೆ, ಕೆಳಗೆ ನಡೆಯುವ ಗಣಿ ಕೆಲಸ ಅಭಿವೃದ್ಧಿ ಎಂದಾದ ಮೇಲೆ, ಅಭಿವೃದ್ಧಿ ಯೋಜನೆ ಇರುವ ಕಡೆ 43ನೇ ಕಲಮಿನಂತೆ ಯೋಜನಾ ಪ್ರಾಧಿಕಾರದ, ಅಂದರೆ ಆ ಪ್ರದೇಶದ ಜಮೀನು ಬಳಕೆಯನ್ನು ನಿರ್ಧರಿಸುವ ಸಂಸ್ಥೆಯ ಅನುಮತಿ ಬೇಕು. ಬರೀ ಪ್ರಾದೇಶಿಕ ಯೋಜನೆ ಇರುವ ಕಡೆ 18ನೇ ಕಲಮು ಅನ್ವಯಿಸುತ್ತದೆ. ಖನಿಜ ತೆಗೆಯುವ ಹಕ್ಕು ಬೇರೆ, ಆ ಜಮೀನನ್ನು ಗಣಿಯಾಗಿ ಬಳಸುವ ಅನುಮತಿ ಬೇರೆ. ಮೊದಲನೆಯದು ಕೈಯಲ್ಲಿದ್ದರೆ ಎರಡನೆಯದೂ ಬಂದಂತೆ ಆಗುವುದಿಲ್ಲ.

ಮೊದಲು ಗಟ್ ನಂಬರ್

ನಮ್ಮ ಕಡೆಯ ಉತಾರ ಇದ್ದಂತೆ ಇಲ್ಲಿ ಸಾತ್-ಬಾರಾ. ಗಣಿಯ ಅಂಚಿನಲ್ಲಿ ನಿಂತು ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಗುರುತು ಮಾಡಿ, ಸರ್ಕಾರದ ಮಹಾಭೂನಕಾಶಾ ಆನ್‌ಲೈನ್ ನಕ್ಷೆಯಲ್ಲಿ ಗಟ್ ನಂಬರ್ (ನಮ್ಮ ಸರ್ವೇ ನಂಬರಿನಂಥದ್ದು) ಹುಡುಕಿ. ಗಣಿಯ ನಾಲ್ಕೂ ಮೂಲೆಯ ನಂಬರ್ ಬೇಕು, ಒಂದೇ ಸಾಲದು. ಗುತ್ತಿಗೆ ಒಂದು ಉಪವಿಭಾಗಕ್ಕೆ ಇದ್ದು ಗುಂಡಿ ಪಕ್ಕದ ಉಪವಿಭಾಗಕ್ಕೆ ಹರಡಿರುವುದು ಮಾಮೂಲು. ಗುತ್ತಿಗೆದಾರ ಉತ್ತರ ಕೊಡುವಾಗ ಮೊದಲ ನಂಬರಿನ ಕಾಗದವನ್ನಷ್ಟೇ ತೋರಿಸುತ್ತಾನೆ. ಡಿಜಿಟಲ್ ಸಹಿಯ ಸಾತ್-ಬಾರಾ ತೆಗೆದುಕೊಂಡು ‘ಇತರ ಹಕ್ಕು’ ಕಾಲಮ್ಮನ್ನು ಓದಿ. ಗಣಿ ಗುತ್ತಿಗೆಯ ನೋಂದಣಿ, ಸರ್ಕಾರದ ಬಾಕಿಯ ಬೋಜಾ ಇದ್ದರೆ ಅಲ್ಲೇ ಸಿಗುತ್ತದೆ.

ಯೋಜನಾ ಪ್ರಾಧಿಕಾರ ಯಾರು

ಪುಣೆಯಲ್ಲಿ ಇದು ಕಾಣುವಷ್ಟು ಸರಳವಲ್ಲ. ಪುಣೆ ಪಾಲಿಕೆ, ಪಿಂಪ್ರಿ-ಚಿಂಚವಾಡ ಪಾಲಿಕೆ, ದಂಡು ಪ್ರದೇಶಗಳು, ಉಳಿದ ಕಡೆ 2015ರಲ್ಲಿ ರಚನೆಯಾದ ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಪಿಎಂಆರ್‌ಡಿಎ. 2021ರಲ್ಲಿ ವಾಘೋಲಿ ಸೇರಿ 23 ಹಳ್ಳಿ ಪುಣೆ ಪಾಲಿಕೆಗೆ ಸೇರಿದಾಗ, ಕಸ ನೀರು ಪಾಲಿಕೆಯ ಪಾಲಾದರೂ ಯೋಜನಾ ಪ್ರಾಧಿಕಾರವಾಗಿ ಸರ್ಕಾರ ಪಿಎಂಆರ್‌ಡಿಎಯನ್ನೇ ನೇಮಿಸಿತ್ತು. ಆಸ್ತಿ ತೆರಿಗೆ ಎಲ್ಲಿ ಕಟ್ಟುತ್ತೀರಿ ಎಂಬುದರ ಮೇಲೆ ಇದನ್ನು ಊಹಿಸಬೇಡಿ. ಗಟ್ ನಂಬರ್ ಹಾಕಿ ‘ಈ ದಿನಾಂಕಕ್ಕೆ ಈ ಜಮೀನಿನ ಯೋಜನಾ ಪ್ರಾಧಿಕಾರ ಯಾರು’ ಎಂದು ಎರಡೂ ಕಡೆ ಲಿಖಿತವಾಗಿ ಕೇಳಿ.

ಅದು ಗೊತ್ತಾದ ಮೇಲೆ ಝೋನ್ ದಾಖಲೆ (ಜಮೀನು ಯಾವ ವಲಯದಲ್ಲಿದೆ ಎಂಬ ಪತ್ರ) ಮತ್ತು ಪಾರ್ಟ್ ಪ್ಲ್ಯಾನ್‌ಗೆ (ಯೋಜನಾ ನಕ್ಷೆಯಲ್ಲಿ ಆ ಜಾಗದ ಭಾಗ) ಅರ್ಜಿ ಹಾಕಿ. ಎರಡೂ ಬೇಕು. ದಾಖಲೆಯಲ್ಲಿ ‘ಕೃಷಿ ವಲಯ’ ಎಂಬ ಒಂದು ಸಾಲು ಇರಬಹುದು, ಆದರೆ ನಕ್ಷೆಯಲ್ಲಿ ಅದೇ ಗಟ್‌ನ ಅರ್ಧ ಭಾಗ ಗುಡ್ಡದ ತಲೆ, ಗುಡ್ಡದ ಇಳಿಜಾರು ವಲಯದಲ್ಲಿ ಬಿದ್ದಿರುತ್ತದೆ.

ಗುಡ್ಡದ ಲೆಕ್ಕದಲ್ಲಿ ನೆನಪಿಡಬೇಕಾದ ಅಂಕಿ 1:5. ಐದು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಏರು. ಇದಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಅಭಿವೃದ್ಧಿಗೆ ಅವಕಾಶವಿಲ್ಲ ಎಂಬುದು ರಾಜ್ಯದ 2020ರ ಏಕೀಕೃತ ಅಭಿವೃದ್ಧಿ ನಿಯಂತ್ರಣ ನಿಯಮಾವಳಿ, ಅಂದರೆ ಯುಡಿಸಿಪಿಆರ್‌ನ ನಿಲುವು. ನಕ್ಷೆಯಲ್ಲಿ ಎರಡು ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ನಡುವೆ 20 ಮೀಟರ್ ಏರು ಇದ್ದು ಅಡ್ಡ ಅಂತರ 80 ಮೀಟರ್ ಇದ್ದರೆ ಅದು 1:4, ಅಂದರೆ ನಿಷೇಧದೊಳಗೆ. ಇಲ್ಲಿ ಒಂದು ದೊಡ್ಡ ತಪ್ಪು ಆಗುತ್ತದೆ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಕ್ಕೆ ಹೋದರೆ ಚಿತ್ರ ಹಳೆಯದಾಗುತ್ತದೆ, ಎತ್ತರದ ಅಂಕಿ ಮಾತ್ರ ಬದಲಾಗುವುದಿಲ್ಲ. ಅಗೆಯುವ ಮೊದಲಿನ ಇಳಿಜಾರು ತೋರಿಸಲು ಅದನ್ನು ಬಳಸಿದರೆ ಎದುರಿನವರ ಸರ್ವೇಯರ್ ಒಂದೇ ಮಾತಿನಲ್ಲಿ ಅದನ್ನು ಬದಿಗೆ ಸರಿಸುತ್ತಾನೆ. ಹಳೆಯ ಇಳಿಜಾರಿಗೆ ಸರ್ವೇ ಆಫ್ ಇಂಡಿಯಾದ 1:50,000 ಟೋಪೋಶೀಟ್ ಹಿಡಿಯಿರಿ. ಗುಂಡಿ ಯಾವ ವರ್ಷ ಎಷ್ಟು ಹರಡಿತು ಎಂದು ತೋರಿಸಲು ಗೂಗಲ್ ಅರ್ಥ್ ಚಿತ್ರ ಸಾಕು.

ಯಾವ ಕಾಗದ ಕೇಳಬೇಕು

ಯುಡಿಸಿಪಿಆರ್‌ನ 15ನೇ ಅಧ್ಯಾಯ ಕಲ್ಲುಗಣಿಯ ಷರತ್ತುಗಳನ್ನು ಹೇಳುತ್ತದೆ. ಅನುಮತಿ ಅರ್ಜಿಯ ಜೊತೆ ಸಾತ್-ಬಾರಾ, ಸುತ್ತಲಿನ 500 ಮೀಟರ್‌ವರೆಗಿನ ಸಂಗತಿಗಳನ್ನು ತೋರಿಸುವ 1:5000 ಸ್ಥಳ ನಕ್ಷೆ, 1:500 ಜಾಗದ ನಕ್ಷೆ, ಅಡ್ಡ ಸೀಳುನೋಟ ಇರುವ ಅಗೆತದ ನಕ್ಷೆ, ಕೆಲಸ ಮುಗಿದ ಮೇಲೆ ಜಮೀನನ್ನು ಹಂತ ಹಂತವಾಗಿ ಸರಿಪಡಿಸುವ ಪುನಃಸ್ಥಾಪನಾ ಯೋಜನೆ ಮತ್ತು ಅದರ ಖರ್ಚಿನ ಅಂದಾಜು ಇರಬೇಕು. ಗುತ್ತಿಗೆ ಇದೆಯೇ ಎಂಬ ಪ್ರಶ್ನೆಗೆ ‘ಇದೆ’ ಎಂಬ ಉತ್ತರ ಬಂದು ವಿಷಯ ಮುಗಿಯುತ್ತದೆ. ಪುನಃಸ್ಥಾಪನಾ ಯೋಜನೆಯ ಪ್ರತಿ ಕೇಳಿದರೆ ಅನುಮತಿಯ ಕಡತವನ್ನೇ ತೆರೆಯಬೇಕಾಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿ ಕನ್ನಡದಲ್ಲಿ ನಡೆಯುವುದಿಲ್ಲ. ಮರಾಠಿ, ಹಿಂದಿ ಅಥವಾ ಇಂಗ್ಲಿಷ್ ಬೇಕು. ಮರಾಠಿಯಲ್ಲಿ ಬರೆಸಿದರೆ ಕೆಲಸ ಸಲೀಸು. ಮಹಾರಾಷ್ಟ್ರದ 2012ರ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಶುಲ್ಕ 10 ರೂಪಾಯಿ. ಹಾಗಾಗಿ ನಾಲ್ಕು ಅರ್ಜಿ ಮಾಡಿ: ಯೋಜನಾ ಪ್ರಾಧಿಕಾರಕ್ಕೆ ಅಭಿವೃದ್ಧಿ ಅನುಮತಿ ಮತ್ತು ನಕ್ಷೆಗಳು, ಗಣಿ ಶಾಖೆಗೆ ಗುತ್ತಿಗೆ ಪತ್ರ, ಅವಧಿ, ಮಂಜೂರಾದ ಪ್ರಮಾಣ, ಭರಿಸಿದ ರಾಜಧನ, ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ (ಎಂಪಿಸಿಬಿ) ಸ್ಥಾಪನೆ ಮತ್ತು ಚಾಲನೆಯ ಸಮ್ಮತಿ ಪತ್ರಗಳು, ನಾಲ್ಕನೆಯದು ಪರಿಸರ ಅನುಮತಿ ಕೊಡುವ ಪ್ರಾಧಿಕಾರಕ್ಕೆ, ಆ ಅನುಮತಿಯ ಪ್ರತಿ ಮತ್ತು ಷರತ್ತು ಪಾಲನಾ ವರದಿ. ಪರಿಸರ ಅನುಮತಿಗೆ ‘5 ಹೆಕ್ಟೇರ್‌ಗಿಂತ ಚಿಕ್ಕ ಗಣಿ, ಬೇಕಿಲ್ಲ’ ಎಂಬ ಉತ್ತರ ಬಂದರೆ ಒಪ್ಪಬೇಡಿ. 2012ರ ಫೆಬ್ರವರಿಯಲ್ಲಿ ದೀಪಕ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ರಿಯಾಯಿತಿಯನ್ನು ಮುಚ್ಚಿದೆ. 500 ಮೀಟರ್‌ಗಿಂತ ಹತ್ತಿರ ಇರುವ ಗಣಿಗಳನ್ನು ಒಂದೇ ಗುಂಪಾಗಿ ಲೆಕ್ಕ ಹಾಕಬೇಕು ಎಂಬ ನಿಯಮವೂ ಇದೆ. ವಾಘೋಲಿಯಂಥ ಕಡೆ ಅದು ತುಂಬ ಮುಖ್ಯ.

ಗುಂಡಿಯ ಲೆಕ್ಕ

ಇಲ್ಲಿ ಕಲ್ಲು ಖಡಿ ಅಳೆಯುವುದು ಬ್ರಾಸಿನಲ್ಲಿ. ಒಂದು ಬ್ರಾಸ್ 100 ಘನ ಅಡಿ, ಅಂದರೆ 2.83 ಘನ ಮೀಟರ್. ಗುಂಡಿ 40 ಮೀಟರ್ ಉದ್ದ, 30 ಅಗಲ, ಸರಾಸರಿ 6 ಮೀಟರ್ ಆಳ ಇದ್ದರೆ 7,200 ಘನ ಮೀಟರ್, ಸುಮಾರು 2,544 ಬ್ರಾಸ್. ಬ್ರಾಸಿಗೆ 600 ರೂಪಾಯಿ ರಾಜಧನ ಹಿಡಿದರೂ 15 ಲಕ್ಷ ದಾಟುತ್ತದೆ. ಪರವಾನಗಿ 500 ಬ್ರಾಸಿಗೆ ಇದ್ದರೆ ಉಳಿದ 2,044 ಬ್ರಾಸ್ ಎಲ್ಲಿ ಹೋಯಿತು ಎಂಬ ಪ್ರಶ್ನೆ ತಹಶೀಲ್ದಾರರಿಗೆ. ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 48(7)ನೇ ಕಲಮಿನಂತೆ ಅಕ್ರಮವಾಗಿ ತೆಗೆದ ಖನಿಜದ ಮಾರುಕಟ್ಟೆ ಬೆಲೆಯ ಐದು ಪಟ್ಟಿನವರೆಗೆ ದಂಡ ಹಾಕಬಹುದು.

ಗುಂಡಿಯ ಲೆಕ್ಕವನ್ನೂ ಟ್ರಕ್ಕಿನ ಲೆಕ್ಕವನ್ನೂ ನೇರವಾಗಿ ಹೋಲಿಸಬೇಡಿ. ನೆಲದಲ್ಲಿ ಗಟ್ಟಿಯಾಗಿದ್ದ ಕಪ್ಪು ಕಲ್ಲು ಒಡೆದ ಮೇಲೆ ಸಂದುಗಳಿಂದಾಗಿ ಉಬ್ಬುತ್ತದೆ, ಹೆಚ್ಚುಕಡಿಮೆ ಒಂದೂವರೆ ಪಟ್ಟು ಜಾಗ ಹಿಡಿಯುತ್ತದೆ. ಸಾವಿರ ಬ್ರಾಸ್ ಗುಂಡಿಯಿಂದ ಒಂದೂವರೆ ಸಾವಿರ ಬ್ರಾಸ್ ಹೊರಗೆ ಹೋದಂತೆ ಕಂಡರೆ ಅದರಲ್ಲಿ ಕಳ್ಳತನ ಇರಲೇಬೇಕೆಂದಿಲ್ಲ. ಈ ತಪ್ಪು ಲೆಕ್ಕದ ಮೇಲೆ ನಿಂತ ದೂರು ಪಂಚನಾಮೆಯ ದಿನವೇ ಬಿದ್ದುಹೋಗುತ್ತದೆ. ಬಿಲ್ಡರ್ ತನ್ನ ಪ್ಲಾಟಿನ ಪಾಯಕ್ಕೆ ಅಗೆದ ಮಣ್ಣನ್ನು ಅದೇ ಪ್ಲಾಟಿಗೆ ತುಂಬಿದರೆ ಅದನ್ನು ಉಪಖನಿಜ ಎಂದು ಹಿಡಿಯಲಾಗದು. ಪುಣೆಯ ಬಿಲ್ಡರುಗಳ ಸಂಘದ ಪ್ರಕರಣದಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ.

ಯಾರಿಗೆ ಏನು ಬರೆಯಬೇಕು

ಯೋಜನಾ ಪ್ರಾಧಿಕಾರಕ್ಕೆ ಬರೆಯುವ ಕಾಗದದಲ್ಲಿ ಧೂಳಿನ ಮಾತೇ ಬೇಡ. ಗಟ್ ನಂಬರ್, ವಲಯ, ಅನುಮತಿ ಇಲ್ಲ ಎಂಬ ಮಾಹಿತಿ ಹಕ್ಕಿನ ಉತ್ತರ ಅಥವಾ ಮುರಿದ ಷರತ್ತು, ದಿನಾಂಕ ಇರುವ ಫೋಟೋ. ಕೋರಿಕೆ ಎರಡೇ: ಎಂಆರ್‌ಟಿಪಿ ಕಾಯ್ದೆಯ 54ನೇ ಕಲಮಿನಂತೆ ಕೆಲಸ ನಿಲ್ಲಿಸುವ ನೋಟಿಸ್, 53ರಂತೆ ಜಮೀನನ್ನು ಮೊದಲಿನ ಸ್ಥಿತಿಗೆ ತರುವ ನೋಟಿಸ್. ಗಣಿಯವರು ‘60 ದಿನದಲ್ಲಿ ಉತ್ತರ ಬರಲಿಲ್ಲ, ಅನುಮತಿ ಸಿಕ್ಕಿದಂತೆಯೇ’ ಎಂದು 45ನೇ ಕಲಮು ತೋರಿಸಬಹುದು. ಆ ಲಾಭ ಯೋಜನೆಗೂ ನಿಯಮಾವಳಿಗೂ ಹೊಂದುವ ಅರ್ಜಿಗೆ ಮಾತ್ರ. ವಲಯವೇ ತಪ್ಪಿದ್ದರೆ ಸಿಗುವುದಿಲ್ಲ.

ಧೂಳು ಎಂಪಿಸಿಬಿಗೆ. ಕ್ರಷರ್‌ನಿಂದ 40 ಮೀಟರ್ ದೂರದಲ್ಲಿ ತೇಲುವ ಕಣ ಘನ ಮೀಟರ್‌ಗೆ 600 ಮೈಕ್ರೋಗ್ರಾಂ ಒಳಗಿರಬೇಕು. ಗಾಳಿ ತಡೆಯುವ ಗೋಡೆ, ಒಳಗೆ ಗಟ್ಟಿ ರಸ್ತೆ, ನೆಲಕ್ಕೆ ನೀರು, ಸುತ್ತ ಗಿಡ ಇವೂ ಕಡ್ಡಾಯ. ಸ್ಫೋಟದ ಕಂಪನ ಗಣಿ ಸುರಕ್ಷತಾ ಇಲಾಖೆ ಡಿಜಿಎಂಎಸ್‌ಗೆ. ಅದರ 1997ರ ಸುತ್ತೋಲೆಯಂತೆ ಗಣಿಯವರದಲ್ಲದ ಮನೆಗಳ ಬಳಿ ಕಂಪನ 8 ಹರ್ಟ್ಜ್‌ಗಿಂತ ಕಡಿಮೆ ಆವರ್ತನದಲ್ಲಿ ಸೆಕೆಂಡಿಗೆ 5 ಮಿ.ಮೀ., 8ರಿಂದ 25ರವರೆಗೆ 10, ಅದರ ಮೇಲೆ 15 ಮೀರಬಾರದು. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿ. ಗಾಜು ಒಡೆದ ದಿನ ಮತ್ತು ಬಾರು ಹಾರಿಸಿದ ಹೊತ್ತು ಒಂದೇ ವಹಿಯಲ್ಲಿ ಇರಲಿ. ಬರೀ ಬಿರುಕಿನ ಫೋಟೋಗೆ ‘ಪ್ಲಾಸ್ಟರ್ ಕುಗ್ಗಿದ್ದು’ ಎಂಬ ಉತ್ತರ ಸಿದ್ಧವಿರುತ್ತದೆ.

ಗಣಿ ಮೊದಲೋ, ಫ್ಲ್ಯಾಟ್ ಮೊದಲೋ

ಕಷ್ಟದ ಪ್ರಕರಣ ಇದು. ಗುತ್ತಿಗೆ ಹಳೆಯದು, ಕಟ್ಟಡ ಆಮೇಲೆ ಬಂದದ್ದು. ಹೀಗಿದ್ದಾಗ ಗಣಿಯನ್ನೇ ಅಕ್ರಮ ಎಂದು ಕೂಗುವುದು ನ್ಯಾಯವೂ ಅಲ್ಲ, ನಿಲ್ಲುವ ವಾದವೂ ಅಲ್ಲ. ಅಲ್ಲಿ ಕಲ್ಲು ಒಡೆಯುವವರಲ್ಲಿ ನಮ್ಮ ಕಡೆಯಿಂದ ಬಂದ ಕುಟುಂಬಗಳೂ ಇವೆ ಎಂಬುದು ನೆನಪಿರಲಿ. ಕೇಳಬೇಕಾದದ್ದು ಕಟ್ಟಡಕ್ಕೆ ಅನುಮತಿ ಕೊಟ್ಟ ಪ್ರಾಧಿಕಾರವನ್ನು: ಗಣಿಯಿಂದ ಎಷ್ಟು ಅಂತರ ನೋಡಿ ಕೊಟ್ಟಿರಿ, ನಕ್ಷೆಯಲ್ಲಿ ಗಣಿ ತೋರಿಸಲಾಗಿತ್ತೇ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹಸಿರು ನ್ಯಾಯಮಂಡಳಿಗೆ ಸೂಚಿಸಿದ ಕನಿಷ್ಠ ಅಂತರ ಸ್ಫೋಟವಿಲ್ಲದ ಗಣಿಗೆ 100 ಮೀಟರ್, ಸ್ಫೋಟವಿದ್ದರೆ 200. ಇದನ್ನು ಹೋಲಿಕೆಗೆ ಇಡಿ. ಸ್ಫೋಟದ ಹೊತ್ತು ನಿಗದಿ, ಕ್ರಷರ್‌ಗೆ ಮುಚ್ಚಿಗೆ, ಗುತ್ತಿಗೆ ನವೀಕರಣದ ಹೊತ್ತಿಗೆ ಗಡಿ ಹಿಂದಕ್ಕೆ ಸರಿಸುವುದು, ಇವು ಸಿಗಬಹುದಾದ ಪರಿಹಾರಗಳು.

ಝೋನ್ ಬದಲಿಸುವ ನಿಜವಾದ ಅವಕಾಶ ಕರಡು ಅಭಿವೃದ್ಧಿ ಯೋಜನೆ ಪ್ರಕಟವಾದಾಗ ಸಿಗುತ್ತದೆ. ಎಂಆರ್‌ಟಿಪಿ ಕಾಯ್ದೆಯ 26ನೇ ಕಲಮಿನಂತೆ ಆಕ್ಷೇಪಣೆಗೆ 30 ದಿನ, ಆಮೇಲೆ ಯೋಜನಾ ಸಮಿತಿಯ ಮುಂದೆ ಅಹವಾಲು. ‘ನಮ್ಮ ಏರಿಯಾದಲ್ಲಿ ಗಣಿ ಬೇಡ’ ಎಂಬ ಸಾಮೂಹಿಕ ಸಹಿಗಿಂತ, ಗಟ್ ನಂಬರ್ ಹಾಕಿ, ಇಳಿಜಾರಿನ ಲೆಕ್ಕ ತೋರಿಸಿ ‘ಈ ಭಾಗವನ್ನು ಗುಡ್ಡದ ವಲಯಕ್ಕೆ ಸೇರಿಸಿ’ ಎಂದು ಬರೆದ ಒಂದು ಪುಟ ಹೆಚ್ಚು ಕೆಲಸ ಮಾಡುತ್ತದೆ. ಸ್ವೀಕೃತಿಯ ಮುದ್ರೆ ಇಲ್ಲದೆ ಕೌಂಟರ್ ಬಿಡಬೇಡಿ.

ಹಸಿರು ನ್ಯಾಯಮಂಡಳಿಯ ಪಶ್ಚಿಮ ಪೀಠ ಪುಣೆಯಲ್ಲೇ ಇದೆ. ಅಲ್ಲಿಗೆ ಹೋಗಲು ಮೊದಲ ಬಾರಿ ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ಸಕಾರಣವಿದ್ದರೆ ಇನ್ನೂ 60 ದಿನ. ಪರಿಸರ ಅನುಮತಿಯನ್ನೇ ಪ್ರಶ್ನಿಸುವುದಾದರೆ 30 ದಿನ, ಸಕಾರಣವಿದ್ದರೆ ಇನ್ನೂ 60 ದಿನ. ಕಚೇರಿಗಳ ಉತ್ತರಕ್ಕೆ ಕಾಯುತ್ತಾ ಕುಳಿತರೂ ಈ ಗಡಿಯಾರ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ಅರ್ಜಿ ಹಾಕಿದ ದಿನವೇ ಕೊನೆಯ ದಿನಾಂಕವನ್ನೂ ಕಡತದ ಮೇಲೆ ಬರೆದಿಡಿ.