ಗ್ರಾಮ್ ಸ್ಟೇನಿಂಗ್: ಎಲ್ಲರೂ ಎಡವುವುದು ಆಲ್ಕೋಹಾಲ್ ಬಾಟಲಿಯ ಹತ್ತಿರ

ಪ್ರಾಕ್ಟಿಕಲ್ ಪರೀಕ್ಷೆಯ ದಿನ ಮೈಕ್ರೋಬಯಾಲಜಿ ಲ್ಯಾಬ್‌ನ ಸಿಂಕ್ ಪಕ್ಕ ಹತ್ತು ನಿಮಿಷ ನಿಂತರೆ ಸಾಕು. ಯಾರ ಸ್ಲೈಡ್ ಸರಿ ಬರುತ್ತದೆ, ಯಾರದ್ದು ಕೆಡುತ್ತದೆ ಅಂತ ಮೈಕ್ರೋಸ್ಕೋಪ್ ಮುಟ್ಟದೆಯೇ ಹೇಳಬಹುದು. ಬಿ.ಎಸ್‌ಸಿಯವರಿರಲಿ, ನರ್ಸಿಂಗ್‌ನವರಿರಲಿ, ತಪ್ಪು ಮಾತ್ರ ಅದೇ. ಹಂತಗಳೆಲ್ಲ ಎಲ್ಲರಿಗೂ ಬಾಯಿಪಾಠ. ಕ್ರಿಸ್ಟಲ್ ವಯೋಲೆಟ್ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲ್, ಸ್ಯಾಫ್ರನಿನ್ ಒಂದು ನಿಮಿಷ. ಬ್ಯಾಕ್ಟೀರಿಯಾವನ್ನು ಬಣ್ಣದಿಂದ ಎರಡು ಗುಂಪು ಮಾಡುವುದೇ ಗ್ರಾಮ್ ಸ್ಟೇನಿಂಗ್: ಕ್ರಿಸ್ಟಲ್ ವಯೋಲೆಟ್‌ನ ನೇರಳೆ ಉಳಿಸಿಕೊಂಡದ್ದು ಪಾಸಿಟಿವ್, ಅದನ್ನು ಬಿಟ್ಟುಕೊಟ್ಟು ಕೊನೆಗೆ ಸ್ಯಾಫ್ರನಿನ್‌ನ ಗುಲಾಬಿ ಹಿಡಿದದ್ದು ನೆಗೆಟಿವ್. ವೈವಾದಲ್ಲಿ ಕೇಳಿದರೆ ಮಗ್ಗಿ ಹೇಳಿದ ಹಾಗೆ ಒಪ್ಪಿಸುತ್ತಾರೆ. ಆಮೇಲೆ ಇ. ಕೋಲೈ ಎಂಬ ಗ್ರಾಮ್ ನೆಗೆಟಿವ್ ಬ್ಯಾಕ್ಟೀರಿಯಾದ ಸ್ಲೈಡ್ ಮುಂದಿಟ್ಟುಕೊಂಡು 'ಮೇಡಂ, ಗ್ರಾಮ್ ಪಾಸಿಟಿವ್' ಅನ್ನುತ್ತಾರೆ.

ನಾನು ನಗುವ ಹಾಗಿಲ್ಲ ಬಿಡಿ. ಎರಡನೇ ವರ್ಷದ ಪರೀಕ್ಷೆಯಲ್ಲಿ ನಾನೂ ಇದನ್ನೇ ಮಾಡಿದ್ದೆ. ಎಕ್ಸ್‌ಟರ್ನಲ್ ಆಗಿ ಬಂದಿದ್ದವರು ಐಪೀಸ್‌ಗೆ ಕಣ್ಣಿಟ್ಟು, ತಲೆ ಎತ್ತಿ, 'ಇದೇನಮ್ಮ, ಶಾಯಿ ದೌತಿ ಚೆಲ್ಲಿದ್ದೀಯಾ?' ಅಂದಿದ್ದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಮೊದಲು ಹೆಸರಿನ ವಿಚಾರ ಮುಗಿಸಿಬಿಡೋಣ. ಗ್ರಾಮ್ ಅಂದರೆ ತೂಕ ಅಲ್ಲ, ಹಳ್ಳಿಯೂ ಅಲ್ಲ. ಅದು ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ಡೆನ್ಮಾರ್ಕ್ ವೈದ್ಯನ ಹೆಸರು. 1884ರಲ್ಲಿ, ಬರ್ಲಿನ್‌ನಲ್ಲಿದ್ದಾಗ, ಈ ವಿಧಾನವನ್ನು ಪ್ರಕಟಿಸಿದ. ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದ ಚೂರಿನಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣಬೇಕು ಅನ್ನುವುದಷ್ಟೇ ಅವನಿಗೆ ಬೇಕಿತ್ತು. ಕೆಲವು ಬ್ಯಾಕ್ಟೀರಿಯಾ ಬಣ್ಣ ಬಿಟ್ಟುಕೊಡುತ್ತಿದ್ದವು, ಅದು ಅವನಿಗೆ ವಿಧಾನದ ಕೊರತೆಯ ಹಾಗೆ ಕಂಡಿತ್ತು. ಇನ್ನೂ ಸರಿಯಾಗಿಲ್ಲ ಅಂತ ತಾನೇ ಬರೆದುಕೊಂಡಿದ್ದ. ನಮಗೆ ಇವತ್ತು ಬೇಕಾಗಿರುವುದು ಆ ಕೊರತೆಯೇ.

ಯಾಕೆ ಕೆಲವು ಬಣ್ಣ ಹಿಡಿದಿಟ್ಟುಕೊಳ್ಳುತ್ತವೆ? ಕ್ರಿಸ್ಟಲ್ ವಯೋಲೆಟ್ ಎಲ್ಲ ಬ್ಯಾಕ್ಟೀರಿಯಾದೊಳಗೂ ನುಗ್ಗುತ್ತದೆ. ಬಟ್ಟೆಗೆ ಬಣ್ಣ ಕಚ್ಚಲಿ ಅಂತ ಪಟಿಕ ಹಾಕುತ್ತಾರಲ್ಲ, ಇಲ್ಲಿ ಆ ಕೆಲಸ ಅಯೋಡಿನ್‌ನದು. ಬಣ್ಣದ ಜೊತೆ ಸೇರಿ ದೊಡ್ಡ ಗಂಟಾಗುತ್ತದೆ. ಗ್ರಾಮ್ ಪಾಸಿಟಿವ್ ಗೋಡೆಯಲ್ಲಿ ಪೆಪ್ಟಿಡೋಗ್ಲೈಕಾನ್ ಎಂಬ ಬಲೆಯಂಥ ಪದರ ದಪ್ಪಗಿದೆ. ಆಲ್ಕೋಹಾಲ್ ಬಿದ್ದಾಗ ಅದು ನೀರು ಕಳೆದುಕೊಂಡು ಬಿಗಿಯುತ್ತದೆ, ಗಂಟು ಒಳಗೇ ಸಿಕ್ಕಿಕೊಳ್ಳುತ್ತದೆ. ಗ್ರಾಮ್ ನೆಗೆಟಿವ್‌ಗೆ ಹೊರಗಡೆ ಕೊಬ್ಬಿನಂಶದ ಪೊರೆ ಇದೆ, ಒಳಗಿನ ಗೋಡೆ ತೆಳು. ಆಲ್ಕೋಹಾಲ್ ಹೊರಪೊರೆಯನ್ನು ಕರಗಿಸುತ್ತದೆ, ತೆಳು ಗೋಡೆಗೆ ಗಂಟನ್ನು ತಡೆಯುವ ಶಕ್ತಿ ಇಲ್ಲ, ಬಣ್ಣ ಹರಿದು ಹೋಗುತ್ತದೆ. ಆದರೆ ಗಮನಿಸಿ, ದಪ್ಪ ಗೋಡೆಯೂ ಶಾಶ್ವತವಾಗಿ ತಡೆಯುವುದಿಲ್ಲ. ಆಲ್ಕೋಹಾಲ್ ಸುರಿಯುತ್ತಲೇ ಇದ್ದರೆ ಅದೂ ಸೋಲುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸಲೀಸು.

ಸ್ಲೈಡ್ ಮತ್ತು ಸ್ಮಿಯರ್

ಸ್ಲೈಡ್‌ಗೆ ಜಿಡ್ಡು ಇರಬಾರದು. ಒಂದು ಹನಿ ನೀರು ಬಿಡಿ. ಹನಿ ಕೆಸುವಿನೆಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಂತರೆ ಜಿಡ್ಡಿದೆ ಎಂದರ್ಥ. ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಆಮೇಲೆ ಅಂಚು ಮಾತ್ರ ಹಿಡಿಯಿರಿ. ಹತ್ತು ಬ್ಯಾಚ್ ಉಜ್ಜಿ ಗೀರು ಬಿದ್ದ ಹಳೇ ಸ್ಲೈಡ್ ಕೊಟ್ಟರೆ ಸಂಕೋಚ ಪಡದೆ ಬೇರೆ ಕೇಳಿ. ಗೀರಿನೊಳಗೆ ಕೂತ ಬಣ್ಣವನ್ನು ಬ್ಯಾಸಿಲಸ್ (ಕಡ್ಡಿಯಂಥ ಬ್ಯಾಕ್ಟೀರಿಯಾ) ಅಂತ ರೆಕಾರ್ಡ್‌ನಲ್ಲಿ ಬರೆದವರನ್ನು ನೋಡಿದ್ದೇನೆ.

ಗುರುತು ಹಾಕಲು ಮಾರ್ಕರ್ ಪೆನ್ ಬೇಡ. ಆಲ್ಕೋಹಾಲ್ ತಾಗಿದ ಕೂಡಲೇ ಆ ಇಂಕೂ ಹೋಗುತ್ತದೆ, ಆಮೇಲೆ ಯಾವುದು ಯಾರ ಸ್ಲೈಡ್ ಅಂತ ಜಗಳ. ಡೈಮಂಡ್ ಪೆನ್ಸಿಲ್ ಇದ್ದರೆ ಅದರಿಂದ ಕೆಳಗಡೆ ಗೀಚಿ. ತುದಿ ಮಸುಕಾಗಿರುವ ಸ್ಲೈಡ್ ಆದರೆ ಸಾದಾ ಪೆನ್ಸಿಲ್ ಸಾಕು.

ಈಗ ಸ್ಮಿಯರ್, ಅಂದರೆ ಸ್ಲೈಡ್ ಮೇಲೆ ಹರಡುವ ಬ್ಯಾಕ್ಟೀರಿಯಾದ ತೆಳು ಲೇಪ. ಆಲ್ಕೋಹಾಲ್ ಹಂತದಲ್ಲಿ ಕೆಡುವ ಸ್ಲೈಡ್‌ಗಳಲ್ಲಿ ಬಹಳಷ್ಟು ನಿಜವಾಗಿ ಕೆಟ್ಟಿರುವುದು ಇಲ್ಲೇ. ಜಾಸ್ತಿ ತೆಗೆದುಕೊಂಡರೆ ಚೆನ್ನಾಗಿ ಕಾಣುತ್ತದೆ ಅನ್ನುವ ಆಸೆ ಎಲ್ಲರಿಗೂ. ಲೂಪ್ (ತುದಿ ಬಳೆಯಂತೆ ಬಾಗಿದ ತಂತಿ) ತುಂಬ ಕಾಲನಿ, ಅಂದರೆ ಪ್ಲೇಟ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಗುಡ್ಡೆ, ಬಳಿದು, ಬೆಣ್ಣೆ ಸವರಿದ ಹಾಗೆ ಸವರುತ್ತಾರೆ. ಬೇಡ. ಒಂದು ಸಣ್ಣ ಹನಿ ನೀರು ಇಡಿ. ಲೂಪ್ ಅನ್ನು ಕೆಂಪಗೆ ಕಾಯಿಸಿ, ಆರಲು ಬಿಡಿ (ಬಿಸಿ ಲೂಪ್ ಮುಟ್ಟಿಸಿದರೆ ಚುಂಯ್ ಅಂದು ಬ್ಯಾಕ್ಟೀರಿಯಾ ಗಾಳಿಗೆ ಹಾರುತ್ತವೆ, ನಿಮ್ಮ ಮೂಗು ಅಲ್ಲೇ ಇರುತ್ತದೆ). ಆಮೇಲೆ ಕಾಲನಿಗೆ ಲೂಪಿನ ತುದಿಯನ್ನು ಸುಮ್ನೆ ತಾಗಿಸಿ. ತಾಗಿಸಿದರೆ ಸಾಕು, ಕೆರೆಯಬೇಡಿ. ನೀರಿನಲ್ಲಿ ಕಲೆಸಿ ಐದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹರಡಿ. ಒಣಗಿದ ಮೇಲೆ ಅದರ ಕೆಳಗೆ ದಿನಪತ್ರಿಕೆ ಹಿಡಿದರೆ ಅಕ್ಷರ ಓದಲು ಬರಬೇಕು. ಬರದಿದ್ದರೆ ದಪ್ಪ. ಹೊಸದಾಗಿ ಮಾಡಿ, ಎರಡು ನಿಮಿಷ ಹೋಗುತ್ತದೆ ಅಷ್ಟೇ.

ಕಲ್ಚರ್ (ಪ್ಲೇಟ್‌ನಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) 18ರಿಂದ 24 ಗಂಟೆಯದ್ದಾಗಿರಲಿ. ಮೂರು ದಿನದ ಹಳೇ ಪ್ಲೇಟ್‌ನಲ್ಲಿ ಗ್ರಾಮ್ ಪಾಸಿಟಿವ್ ಗೋಡೆಗಳು ಸಡಿಲವಾಗಿರುತ್ತವೆ, ನೀವು ಎಷ್ಟೇ ಚೆನ್ನಾಗಿ ಮಾಡಿದರೂ ಅರ್ಧ ನೇರಳೆ, ಅರ್ಧ ಗುಲಾಬಿ. ಬ್ಯಾಸಿಲಸ್ ಅಂತೂ ಇದಕ್ಕೆ ಕುಖ್ಯಾತ.

ಗಾಳಿಯಲ್ಲೇ ಪೂರ್ತಿ ಒಣಗಬೇಕು. ಒದ್ದೆ ಇರುವಾಗಲೇ ಜ್ವಾಲೆಗೆ ಹಿಡಿದರೆ ಕೋಶಗಳು ಬೆಂದು ಆಕಾರ ಕೆಡುತ್ತವೆ. ಒಣಗಿದ ಮೇಲೆ ಸ್ಪಿರಿಟ್ ಲ್ಯಾಂಪ್ ಮೇಲೆ ಮೂರು ಸಲ ಬೇಗ ಹಾಯಿಸಿ, ಸ್ಮಿಯರ್ ಮೇಲ್ಮುಖವಾಗಿರಲಿ. ಸ್ಲೈಡಿನ ಕೆಳಭಾಗವನ್ನು ಅಂಗೈ ಹಿಂಬದಿಗೆ ತಾಗಿಸಿದರೆ ಬಿಸಿ ಅನ್ನಿಸಬೇಕು, ಚುರುಕ್ ಅನ್ನಬಾರದು.

ಕ್ರಿಸ್ಟಲ್ ವಯೋಲೆಟ್ ಒಂದು ನಿಮಿಷ, ನೀರು. ಅಯೋಡಿನ್ ಒಂದು ನಿಮಿಷ, ನೀರು. ಇದರಲ್ಲಿ ಕೆಡುವಂಥದ್ದು ಏನೂ ಇಲ್ಲ, ಹತ್ತು ಸೆಕೆಂಡ್ ಹೆಚ್ಚು ಕಡಿಮೆ ಆದರೂ ಆಕಾಶ ಬೀಳುವುದಿಲ್ಲ. ಅಯೋಡಿನ್ ಬಾಟಲಿಯನ್ನು ಮಾತ್ರ ನೋಡಿ. ಹೊಸದು ಕಡು ಕಂದು ಇರುತ್ತದೆ. ಪಾರದರ್ಶಕ ಬಾಟಲಿಯಲ್ಲಿ ಕಿಟಕಿ ಪಕ್ಕ ಇಟ್ಟು, ತಿಳಿ ಚಹಾದ ಬಣ್ಣಕ್ಕೆ ಬಂದಿದ್ದರೆ ಅದರಲ್ಲಿ ಶಕ್ತಿ ಉಳಿದಿಲ್ಲ, ಪಾಸಿಟಿವ್ ಕೂಡ ಬಣ್ಣ ಬಿಡುತ್ತದೆ. ಕೈಗೆ ಗ್ಲೌಸ್ ಹಾಕಿ. ಇಲ್ಲದಿದ್ದರೆ ಮೂರು ದಿನ ನೇರಳೆಹಣ್ಣು ಕಿತ್ತವರ ಬೆರಳಿನ ಹಾಗೆ ಇರುತ್ತದೆ.

ಆಲ್ಕೋಹಾಲ್

ಇಲ್ಲಿ ನಿಲ್ಲಿ. ಫೋನ್ ಕೆಳಗಿಡಿ, ಸ್ಟಾಪ್‌ವಾಚ್ ಬೇಡ. ಪಕ್ಕದವರ ಜೊತೆ ಮಾತೂ ಬೇಡ.

ಅಯೋಡಿನ್ ತೊಳೆದ ಮೇಲೆ ಸ್ಲೈಡ್ ಅನ್ನು ಅಡ್ಡಕ್ಕೆ ನಿಲ್ಲಿಸಿ, ಅಂಚನ್ನು ಬ್ಲಾಟಿಂಗ್ ಪೇಪರ್‌ಗೆ ತಾಗಿಸಿ ನೀರು ಇಳಿಸಿ. ನಾನು ನೋಡಿದವರಲ್ಲಿ ಹತ್ತಕ್ಕೆ ಎಂಟು ಜನ ಇದನ್ನು ಮಾಡುವುದಿಲ್ಲ. ಸ್ಲೈಡ್ ಮೇಲೆ ನೀರು ನಿಂತಿದ್ದರೆ ಆಲ್ಕೋಹಾಲ್ ತೆಳುವಾಗುತ್ತದೆ, ಒಂದು ಕಡೆ ಬಣ್ಣ ಹೋಗುತ್ತದೆ, ಇನ್ನೊಂದು ಕಡೆ ಹೋಗುವುದಿಲ್ಲ.

ಈಗ ಎಡಗೈಯಲ್ಲಿ ಸ್ಲೈಡ್ ಅನ್ನು ಓರೆಯಾಗಿ ಹಿಡಿಯಿರಿ. ಕೆಳಗೆ ಬಿಳಿ ಟೈಲ್ ಅಥವಾ ಬಿಳಿ ಕಾಗದ ಇರಲಿ. ನೀರಿನ ವಾಷ್ ಬಾಟಲಿ ಕೈಗೆ ಸಿಗುವ ಹಾಗೆ ಪಕ್ಕದಲ್ಲೇ ಇಟ್ಟುಕೊಳ್ಳಿ, ನಲ್ಲಿ ಹುಡುಕಿಕೊಂಡು ಓಡುವ ಹೊತ್ತು ಇದಲ್ಲ. ಡ್ರಾಪರ್‌ನಲ್ಲಿ 95 ಪರ್ಸೆಂಟ್ ಆಲ್ಕೋಹಾಲ್ ತೆಗೆದುಕೊಂಡು ಸ್ಮಿಯರ್ ಮೇಲೆ ನೇರ ಬಿಡದೆ, ಅದರ ಸ್ವಲ್ಪ ಮೇಲೆ, ಹನಿ ಹನಿಯಾಗಿ ಬಿಡಿ. ಹನಿ ಜಾರಿ ಸ್ಮಿಯರ್ ದಾಟಿ ಕೆಳಗೆ ಬೀಳಲಿ. ನಿಮ್ಮ ಕಣ್ಣು ಇರಬೇಕಾಗಿರುವುದು ಸ್ಲೈಡ್ ಮೇಲಲ್ಲ, ಬೀಳುವ ಹನಿಯ ಮೇಲೆ. ಮೊದಲು ಕಡು ನೇರಳೆ. ಆಮೇಲೆ ತಿಳಿ ನೇರಳೆ. ಆಮೇಲೆ ಬಣ್ಣ ಇದೆಯೋ ಇಲ್ಲವೋ ಅನ್ನುವಂಥ ಒಂದು ಹನಿ ಬರುತ್ತದೆ ನೋಡಿ, ಆ ಹನಿಗೇ ನಿಲ್ಲಿಸಿ, ಆ ಕ್ಷಣವೇ ನೀರು ಹಾಕಿ. ನೀರು ಬಿದ್ದರೆ ಮಾತ್ರ ಆಲ್ಕೋಹಾಲ್‌ನ ಕೆಲಸ ನಿಲ್ಲುವುದು. ಡ್ರಾಪರ್ ಕೆಳಗಿಟ್ಟು, ಮುಚ್ಚಳ ಹಾಕಿ, ಆಮೇಲೆ ನೀರು ಹಾಕೋಣ ಅಂದರೆ ಸ್ಲೈಡ್ ಮೇಲಿರುವ ಆಲ್ಕೋಹಾಲ್ ನಿಮಗಾಗಿ ಕಾಯುವುದಿಲ್ಲ.

ಎಷ್ಟು ಸೆಕೆಂಡ್ ಅಂತ ಕೇಳೇ ಕೇಳುತ್ತೀರಿ. ತೆಳು ಸ್ಮಿಯರ್‌ಗೆ 10ರಿಂದ 20 ಸೆಕೆಂಡ್ ಹಿಡಿಯಬಹುದು. ಬಾಟಲಿಯಲ್ಲಿರುವುದು ಬರೀ ಅಸಿಟೋನ್ ಆದರೆ ಎರಡು ಮೂರು ಸೆಕೆಂಡ್‌ನಲ್ಲಿ ಮುಗಿದೇ ಹೋಗುತ್ತದೆ. ಎರಡೂ ಬೆರೆಸಿದ್ದಾದರೆ ಇವುಗಳ ಮಧ್ಯೆ ಎಲ್ಲೋ. ಹಾಗಾಗಿ ಲೇಬಲ್ ಓದಿ, ಮ್ಯಾನ್ಯುಯಲ್‌ನಲ್ಲಿರುವ ಸೆಕೆಂಡ್ ಲೆಕ್ಕ ಮರೆತುಬಿಡಿ. ಅದನ್ನು ಬರೆದವರ ಸ್ಮಿಯರ್ ಬೇರೆ, ನಿಮ್ಮದು ಬೇರೆ.

ಸ್ಮಿಯರ್‌ನಲ್ಲಿ ಒಂದು ಕಡೆ ಗಟ್ಟಿ ಉಂಡೆ ಇದ್ದರೆ ಅದರಿಂದ ಬಣ್ಣ ಇಳಿಯುತ್ತಲೇ ಇರುತ್ತದೆ. ಅದು ನಿಲ್ಲಲಿ ಅಂತ ಸುರಿಯುತ್ತಾ ಹೋದರೆ ತೆಳು ಜಾಗದಲ್ಲಿದ್ದ ಪಾಸಿಟಿವ್‌ಗಳೂ ಬೋಳಾಗುತ್ತವೆ. ಉಂಡೆಯನ್ನು ಬಿಟ್ಟುಬಿಡಿ, ತೆಳು ಭಾಗ ಮಾತ್ರ ನಿಮ್ಮದು. ಕೊರೋನಾ ಬಂದು ಹೋದ ಮೇಲೆ ಇನ್ನೊಂದು ಹೊಸ ಅಡ್ಡದಾರಿ ಶುರುವಾಗಿದೆ, ಆಲ್ಕೋಹಾಲ್ ಖಾಲಿಯಾದರೆ ಸ್ಯಾನಿಟೈಸರ್ ಹಾಕುವುದು. ಅದರಲ್ಲಿ ನೀರು ಜಾಸ್ತಿ, ಮೇಲೆ ಗ್ಲಿಸರಿನ್, ಜೆಲ್, ವಾಸನೆಗೆ ಇನ್ನೇನೋ. ದಯವಿಟ್ಟು ಬೇಡ.

ಇಷ್ಟಾದರೂ ಅನುಮಾನ ಇದ್ದೇ ಇರುತ್ತದೆ, ಅದಕ್ಕೇ ಕಂಟ್ರೋಲ್. ಒಂದೇ ಸ್ಲೈಡ್‌ನಲ್ಲಿ ಮೂರು ಸ್ಮಿಯರ್ ಹಾಕಿ: ಎಡಕ್ಕೆ ಸ್ಟ್ಯಾಫಿಲೊಕಾಕಸ್, ಬಲಕ್ಕೆ ಇ. ಕೋಲೈ, ನಡುವೆ ಪರೀಕ್ಷೆಗೆ ಕೊಟ್ಟದ್ದು. ಎಡದ್ದು ನೇರಳೆ, ಬಲದ್ದು ಗುಲಾಬಿ ಬಂದರೆ ಮಾತ್ರ ನಡುವಿನದನ್ನು ನಂಬಿ. 'ಟೈಮ್ ಇಲ್ಲ ಮೇಡಂ' ಅನ್ನುತ್ತಾರೆ. ಮೂರು ಸ್ಮಿಯರ್‌ಗೂ ಬಣ್ಣ ಹಾಕುವುದು ಒಂದೇ ಸಲ ಅಲ್ವಾ?

ಒಂದು ಅಡ್ಡದಾರಿಯನ್ನು ಮಾತ್ರ ನಾನೇ ಹೇಳಿಕೊಡುತ್ತೇನೆ. ಸ್ಲೈಡ್ ಮೇಲೆ 3 ಪರ್ಸೆಂಟ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಇಟ್ಟು, ಲೂಪ್‌ನಲ್ಲಿ ಕಾಲನಿ ತೆಗೆದು ಅದರಲ್ಲಿ ಕಲೆಸಿ, ಲೂಪ್ ಅನ್ನು ಮೆಲ್ಲಗೆ ಮೇಲೆತ್ತಿ. ಬೆಂಡೆಕಾಯಿ ಲೋಳೆಯ ಹಾಗೆ ಎಳೆ ಎದ್ದು ಬಂದರೆ ಗ್ರಾಮ್ ನೆಗೆಟಿವ್. ಅದರ ಗೋಡೆ ಒಡೆದು ಡಿಎನ್‌ಎ ಹೊರಬಂದದ್ದೇ ಆ ಲೋಳೆ. ಪಾಸಿಟಿವ್ ಆದರೆ ಸಾಮಾನ್ಯವಾಗಿ ಎಳೆ ಬರುವುದಿಲ್ಲ. ಸ್ಟೇನಿಂಗ್‌ಗೆ ಬದಲಾಗಿ ಅಲ್ಲ, ಸ್ಟೇನಿಂಗ್ ಮೇಲೆ ಅನುಮಾನ ಬಂದಾಗ.

ಸ್ಯಾಫ್ರನಿನ್ ಒಂದು ನಿಮಿಷ, ನೀರು, ಬ್ಲಾಟಿಂಗ್ ಪೇಪರ್‌ನಲ್ಲಿ ಒತ್ತಿ. ಉಜ್ಜಬೇಡಿ.

ನೋಡುವುದು

10ಎಕ್ಸ್‌ನಲ್ಲಿ ಜಾಗ ಹುಡುಕಿ, ಆಮೇಲೆ ಸ್ಮಿಯರ್ ಮೇಲೆ ನೇರವಾಗಿ ಒಂದು ಹನಿ ಇಮ್ಮರ್ಶನ್ ಆಯಿಲ್, ಕವರ್‌ಸ್ಲಿಪ್ ಬೇಡ, 100ಎಕ್ಸ್. ಕಂಡೆನ್ಸರ್ ಮೇಲಕ್ಕೆ, ಡಯಾಫ್ರಂ ತೆರೆದಿರಲಿ, ಇಲ್ಲದಿದ್ದರೆ ಎಲ್ಲವೂ ಕಪ್ಪು. ಎಣ್ಣೆ ಹಾಕಿದ ಮೇಲೆ 40ಎಕ್ಸ್ ಕಡೆ ತಿರುಗಿಸಬೇಡಿ, ಆ ಲೆನ್ಸ್‌ಗೆ ಎಣ್ಣೆ ಮೆತ್ತಿದರೆ ಅಟೆಂಡರ್ ನಿಮ್ಮನ್ನು ಬಿಡುವುದಿಲ್ಲ. ಎಣ್ಣೆ ಮುಗಿದಿದೆ ಅಂತ ಕೊಬ್ಬರಿ ಎಣ್ಣೆ ಹಾಕಿದ ಬ್ಯಾಚ್ ಒಂದಿತ್ತು. ಡಿಸೆಂಬರ್ ತಿಂಗಳು. ಮಾರನೇ ದಿನ ಬೆಳಿಗ್ಗೆ ಲೆನ್ಸ್ ಮೇಲೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು.

ಇನ್ನು ಕನ್ನಡದವರಿಗೇ ಇರುವ ಒಂದು ಗುಂಡಿ. ನೇರಳೆಗೂ 'ನ', ನೆಗೆಟಿವ್‌ಗೂ 'ನ'. ಗಡಿಬಿಡಿಯಲ್ಲಿ ನ-ನ ಜೋಡಿಸಿ ನೇರಳೆಯನ್ನು ನೆಗೆಟಿವ್ ಅಂತ ಬರೆದುಬಿಡುತ್ತಾರೆ. ಉಲ್ಟಾ. ಪರ್ಪಲ್ಲು ಪಾಸಿಟಿವ್, ಪ-ಪ ಅಂತ ಇಟ್ಟುಕೊಳ್ಳಿ. ಬಣ್ಣದ ಜೊತೆ ಆಕಾರ ಮತ್ತು ಜೋಡಣೆಯನ್ನೂ ಬರೆಯಿರಿ. 'ಗ್ರಾಮ್ ಪಾಸಿಟಿವ್ ಕಾಕೈ, ಗೊಂಚಲು' ಅಂದರೆ ಉತ್ತರ (ಕಾಕೈ ಅಂದರೆ ಗುಂಡಗಿನವು). ಬರೀ 'ಪಾಸಿಟಿವ್' ಅಂದರೆ ಅರ್ಧ ಮಾರ್ಕ್ಸ್.

ಪ್ರಾಕ್ಟೀಸ್‌ಗೆ ಮನೆಯ ಮೊಸರಿಗಿಂತ ಒಳ್ಳೆಯದಿಲ್ಲ. ಮೊಸರಿನ ಮೇಲೆ ನಿಂತ ತಿಳಿನೀರನ್ನು ಸಣ್ಣ ಡಬ್ಬಿಯಲ್ಲಿ ಲ್ಯಾಬ್‌ಗೆ ತನ್ನಿ, ಕೆನೆ ಬೇಡ. ಅದರಲ್ಲಿರುವ ಹುಳಿಯ ಬ್ಯಾಕ್ಟೀರಿಯಾ, ಕಡ್ಡಿಯದ್ದಾಗಲಿ ಗುಂಡಗಿನದ್ದಾಗಲಿ, ಗ್ರಾಮ್ ಪಾಸಿಟಿವ್. ಎಲ್ಲ ಗುಲಾಬಿಯಾಗಿ ಕಂಡರೆ ನೀವು ಆಲ್ಕೋಹಾಲ್ ಜಾಸ್ತಿ ಸುರಿದಿದ್ದೀರಿ.

ನರ್ಸಿಂಗ್‌ನವರಿಗೆ

'ನಾವೇನು ಲ್ಯಾಬ್‌ನಲ್ಲಿ ಕೂರ್ತೀವಾ, ನಮಗ್ಯಾಕೆ' ಅನ್ನುವವರಿಗೆ. ಕೂರುವುದಿಲ್ಲ, ನಿಜ. ಆದರೆ ಕಫದ ಡಬ್ಬಿ ಕೊಟ್ಟು ತುಂಬಿಸಿಕೊಂಡು ಬರುವವರು ನೀವು. ಲ್ಯಾಬ್‌ನಲ್ಲಿ ಆ ಸ್ಲೈಡ್ ಅನ್ನು ಮೊದಲು ಲೋ ಪವರ್‌ನಲ್ಲಿ ನೋಡುತ್ತಾರೆ. ಒಂದು ಫೀಲ್ಡ್‌ಗೆ ಪಸ್ ಸೆಲ್ 25ಕ್ಕಿಂತ ಹೆಚ್ಚು, ಬಾಯಿಯ ಒಳಪದರದ ಎಪಿಥೀಲಿಯಲ್ ಸೆಲ್ 10ಕ್ಕಿಂತ ಕಡಿಮೆ ಇದ್ದರೆ ಅದು ಎದೆಯಿಂದ ಬಂದ ಕಫ. ಇದು ಸಾಮಾನ್ಯವಾಗಿ ಬಳಸುವ ಅಳತೆ. ಎಪಿಥೀಲಿಯಲ್ ಸೆಲ್‌ಗಳೇ ತುಂಬಿದ್ದರೆ ಬರೀ ಎಂಜಲು, ಇನ್ನೊಂದು ಸಲ ಕಳಿಸಿ ಅಂತ ವಾಪಸ್ ಬರುತ್ತದೆ, ರೋಗಿಯ ಒಂದು ದಿನ ಹೋಗುತ್ತದೆ. ಕಲ್ಚರ್ ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು, ಗ್ರಾಮ್ ರಿಪೋರ್ಟ್ ಒಂದು ಗಂಟೆಯೊಳಗೆ ಸಿಗಬಹುದು, ಆ್ಯಂಟಿಬಯೋಟಿಕ್ ಶುರು ಮಾಡುವಾಗ ಡಾಕ್ಟರ್ ಕೈಯಲ್ಲಿ ಅದಷ್ಟೇ ಇರುವುದೂ ಉಂಟು. ವ್ಯಾಂಕೊಮೈಸಿನ್ ಎಂಬ ಆ್ಯಂಟಿಬಯೋಟಿಕ್‌ನ ಅಣು ದೊಡ್ಡದು, ಗ್ರಾಮ್ ನೆಗೆಟಿವ್‌ನ ಹೊರಪೊರೆ ದಾಟುವುದಿಲ್ಲ. ಬಣ್ಣ ತಪ್ಪಾಗಿ ಓದಿದರೆ ಔಷಧಿಯೂ ತಪ್ಪುತ್ತದೆ.

ಹಾಗಾಗಿ ಬೆಳಿಗ್ಗೆ ಎದ್ದ ತಕ್ಷಣ, ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿಸಿ, 'ಅಜ್ಜ, ಉಗಿಯೋದಲ್ಲ, ಎದೆಯಿಂದ ಕೆಮ್ಮಿ ತೆಗೀಬೇಕು' ಅಂತ ನೀವೇ ಒಮ್ಮೆ ಕೆಮ್ಮಿ ತೋರಿಸಿ. ಅವರ ಕಫದ ಸ್ಲೈಡ್‌ನಲ್ಲಿ ಕಂಟ್ರೋಲ್ ಕೂಡ ಪುಕ್ಕಟೆ ಸಿಗುತ್ತದೆ. ಪಸ್ ಸೆಲ್‌ನ ನ್ಯೂಕ್ಲಿಯಸ್ ಯಾವಾಗಲೂ ಗುಲಾಬಿ ಇರಬೇಕು. ಅದೇ ನೇರಳೆಯಾಗಿದ್ದರೆ ಆ ಜಾಗದಲ್ಲಿ ಆಲ್ಕೋಹಾಲ್ ಸಾಲಲಿಲ್ಲ. ಸ್ಲೈಡ್ ಸರಿಸಿ, ತೆಳುವಾಗಿರುವ ಬೇರೆ ಜಾಗ ನೋಡಿ.

ಮುಗಿದ ಮೇಲೆ ಲೆನ್ಸ್ ಅನ್ನು ಲೆನ್ಸ್ ಪೇಪರ್‌ನಲ್ಲೇ ಒರೆಸಿ, ವೇಲ್‌ನಲ್ಲಿ ಅಲ್ಲ, ಏಪ್ರನ್ ತುದಿಯಲ್ಲಿ ಅಲ್ಲ. ಸ್ಲೈಡ್ ಡಿಸ್‌ಇನ್ಫೆಕ್ಟೆಂಟ್ ಜಾರ್‌ಗೆ. ಆಮೇಲೆ ಕೈ ತೊಳೆದು ಟಿಫಿನ್ ಬಾಕ್ಸ್ ತೆಗೆಯಿರಿ.