ತಾರೀಕು ಹಿಡಿದು ಯುದ್ಧದ ಪುಸ್ತಕ ಹುಡುಕಿದ ಬಗೆ

ಕಾಸರಗೋಡಿನ ಕಡೆಯ ನಮ್ಮ ಗ್ರಾಮ ಗ್ರಂಥಾಲಯದಲ್ಲಿ ಯುದ್ಧೇತಿಹಾಸ ಓದುವ ಒಂದು ಸಣ್ಣ ಬಳಗವಿದೆ. ಯಾವುದಾದರೂ ಕದನದ ವಾರ್ಷಿಕ ದಿನ ಹತ್ತಿರವಾದಾಗ ಅದರ ಕುರಿತ ಪುಸ್ತಕಗಳನ್ನು ಗೊತ್ತುಮಾಡಿ ತರುವ ಹೊಣೆ ನನ್ನದು. ಇನ್ನೂರನೆಯ ವರ್ಷ, ಇನ್ನೂರೈವತ್ತನೆಯ ವರ್ಷ ಎಂದು ಆಚರಣೆಯ ಭರದಲ್ಲಿ ಹೊರಬರುವ ಪುಸ್ತಕಗಳಲ್ಲಿ ಹೆಚ್ಚಿನವು ಅವಸರದವು. ಆದ್ದರಿಂದ ನಾನು ಮೊದಲು ತೆರೆಯುವುದು ಪುಸ್ತಕದ ಕೊನೆಯ ಪುಟಗಳನ್ನು. ಅಲ್ಲಿ ಆಕರಗಳ ಪಟ್ಟಿಯೂ ಒಳಗೆಲ್ಲಾದರೂ ಒಂದು ನಕಾಶೆಯೂ ಇಲ್ಲದಿದ್ದರೆ ಅದನ್ನು ಕಪಾಟಿಗೇ ಮರಳಿಸುತ್ತೇನೆ. ಆಕರಗಳಿದ್ದರೆ, ಅವುಗಳಲ್ಲಿ ಅತ್ಯಂತ ಹಳೆಯದು ಯಾವುದೆಂದು ನೋಡಿ, ಅಲ್ಲಿಂದ ಹುಡುಕಾಟ ಆರಂಭಿಸುತ್ತೇನೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಸಂಗತಿಗೆ ಹೀಗೆ ಹೋದಾಗ ಸಿಕ್ಕಿದ್ದು ಅಲೆಕ್ಸಾಂಡರ್ ಬೀಟ್ಸನ್ ಬರೆದು 1800ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಗ್ರಂಥ. ಅವನು ಬ್ರಿಟಿಷರ ಆ ದಂಡಯಾತ್ರೆಯಲ್ಲಿ ಸರ್ವೇಯರ್ ಆಗಿದ್ದವನಾದುದರಿಂದ ಕೋಟೆಗೋಡೆ, ಕಂದಕ, ಫಿರಂಗಿಗಳ ವಿಷಯದಲ್ಲಿ ಅವನ ಬರಹವನ್ನು ನಂಬಬಹುದು. ಟಿಪ್ಪುವಿನ ಉದ್ದೇಶಗಳ ವಿಷಯದಲ್ಲಿ ಅಷ್ಟಾಗಿ ನಂಬಲಾಗದು. ಹಾಗಾಗಿ ಅದರ ಜೊತೆಗೇ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿಯ ಪರ್ಷಿಯನ್ ಚರಿತ್ರೆಯನ್ನು ಓದಬೇಕು. ಅದರ ಟಿಪ್ಪು ಭಾಗಕ್ಕೆ ಕರ್ನಲ್ ಮೈಲ್ಸ್ ಮಾಡಿದ ಇಂಗ್ಲಿಷ್ ಅನುವಾದ 1844ರಲ್ಲಿ ಬಂತು. ಮುಂದೆ ಮೈಸೂರಿನಲ್ಲಿ ರೆಸಿಡೆಂಟ್ (ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿ) ಆಗಿದ್ದ ಮಾರ್ಕ್ ವಿಲ್ಕ್ಸ್‌ನ ಮೂರು ಸಂಪುಟಗಳ ಚರಿತ್ರೆಯನ್ನು ಇವೆರಡರ ನಂತರ ಓದಿದರೆ ಎಲ್ಲಿ ಯಾರ ಮಾತು ಕೇಳಿ ಬರೆದಿದ್ದಾನೆಂಬ ಅಂದಾಜು ಸಿಗುತ್ತದೆ. ಇವೆಲ್ಲ ಹಳೆಯವಾದುದರಿಂದ ಗಣಕೀಕೃತ ಪ್ರತಿಗಳು ಬಿಟ್ಟಿಯಾಗಿಯೇ ದೊರೆಯುತ್ತವೆ. ಮಡಚಿಟ್ಟ ನಕಾಶೆಗಳನ್ನು ಬಿಡಿಸದೆಯೇ ಸ್ಕ್ಯಾನ್ ಮಾಡಿದ ಪ್ರತಿಗಳೂ ಇವೆ, ಅವುಗಳಿಂದ ಪ್ರಯೋಜನವಿಲ್ಲ.

ಆ ಯುದ್ಧ ನಮ್ಮವರಿಗೆ ದೂರದ್ದೇನಲ್ಲ. ನಮ್ಮ ಕಾಸರಗೋಡಿನ ಕಡೆಯೇ ಇರುವ, ಕೆಳದಿಯವರ ಬೇಕಲ ಕೋಟೆ ಹೈದರನ ಕೈಸೇರಿ, ಕೊನೆಗೆ ಕಂಪನಿಯ ಪಾಲಾಯಿತು. 1801ರ ಆರಂಭದಲ್ಲಿ ಈ ದಾರಿಯಾಗಿ ಸಾಗಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟ ಪ್ರಯಾಣದ ವಿವರಗಳು 1807ರಲ್ಲಿ ಪ್ರಕಟವಾದವು. ಅವು ಯುದ್ಧದ ಪುಸ್ತಕವಲ್ಲ, ಆದರೆ ಯುದ್ಧ ಮುಗಿದ ಮೇಲೆ ಗದ್ದೆ, ತೆರಿಗೆ, ಊರುಗಳು ಹೇಗಿದ್ದವೆಂಬುದನ್ನು ಸೇನಾಧಿಕಾರಿಗಳ ಬರಹಗಳಿಗಿಂತ ಅವೇ ಚೆನ್ನಾಗಿ ತೋರಿಸುತ್ತವೆ.

ಮೊದಲ ಮಹಾಯುದ್ಧದಲ್ಲಿ, ಈಗಿನ ಇಸ್ರೇಲಿನ ಹೈಫಾ ಊರಿನಲ್ಲಿ 1918ರ ಸೆಪ್ಟೆಂಬರ್ 23ರಂದು ನಡೆದ ಕದನಕ್ಕೆ ಹುಡುಕುವ ಕ್ರಮ ಬೇರೆ. ಊರಿನ ಹೆಸರಿನಿಂದ ಹುಡುಕಿದರೆ ಹೆಚ್ಚೇನೂ ಸಿಗುವುದಿಲ್ಲ. ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಇದ್ದ 15ನೆಯ ಇಂಪೀರಿಯಲ್ ಸರ್ವಿಸ್ ಅಶ್ವದಳ ಬ್ರಿಗೇಡಿನ (ದೇಶೀಯ ಸಂಸ್ಥಾನಗಳ ಕುದುರೆ ಸೇನೆಯ) ಹೆಸರು ಹಾಕಬೇಕು.

ಕಂಪನಿ ಸರಕಾರದ ವಿರುದ್ಧ 1837ರ ಏಪ್ರಿಲ್‌ನಲ್ಲಿ ಎದ್ದ ಅಮರ ಸುಳ್ಯ ದಂಗೆಯ ವಿಷಯಕ್ಕೆ ಬಂದಾಗ ಹೊಸಬರ ಕೈಗೆ ನಾನು ಮೊದಲು ಕೊಡುವುದು ನಿರಂಜನರ ‘ಕಲ್ಯಾಣಸ್ವಾಮಿ’ ಕಾದಂಬರಿಯನ್ನು. ಕಾದಂಬರಿಯನ್ನೇ ಚರಿತ್ರೆಯೆಂದು ನಂಬಬಾರದೆಂದು, ಅದರ ಪಕ್ಕದಲ್ಲೇ ಸರಕಾರದ ಜಿಲ್ಲಾ ಕೈಪಿಡಿಯಾದ 1894ರ ಸೌತ್ ಕೆನರಾ ಮ್ಯಾನ್ಯುವಲನ್ನೂ ಇಡುತ್ತೇನೆ. 1834ರಲ್ಲಿ ಕೊಡಗು ಕಂಪನಿಗೆ ಸೇರಿದ ಮೇಲೆ, ಅದುವರೆಗೆ ಕೊಡಗಿಗೆ ಸೇರಿದ್ದು ಧಾನ್ಯರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ಅಮರ ಸುಳ್ಯ ಮಾಗಣೆಯವರು (ಮಾಗಣೆ ಎಂದರೆ ಹಲವು ಊರುಗಳ ಗುಂಪು) ನಗದಿನಲ್ಲೇ ಕಟ್ಟಬೇಕಾಗಿ ಬಂದುದು ಈ ದಂಗೆಗೆ ಮುಖ್ಯ ಕಾರಣ. ಮಂಗಳೂರನ್ನು ಹಿಡಿದವರನ್ನು ಸರಕಾರಿ ಬರಹ ಬಂಡುಕೋರರೆನ್ನುತ್ತದೆ, ನಮ್ಮಲ್ಲಿ ಹಿರಿಯರು ಆ ದಂಗೆಯನ್ನು ಅದರ ನಾಯಕ ಕಲ್ಯಾಣಸ್ವಾಮಿಯ ಹೆಸರಿನಿಂದ ‘ಕಲ್ಯಾಣಪ್ಪನ ಕಾಟಕಾಯಿ’ (ಕಲ್ಯಾಣಪ್ಪನ ದಾಳಿ) ಎಂದೇ ಕರೆಯುತ್ತಿದ್ದರು. ಹೀಗಾಗಿ ಈ ವಿಷಯದಲ್ಲಿ ಬಳಗದ ಚರ್ಚೆ ಸಾಮಾನ್ಯವಾಗಿ ಬೀಗ ಹಾಕುವ ಹೊತ್ತಿಗೂ ಮುಗಿದಿರುವುದಿಲ್ಲ.